ಡಿಮೆನ್ಷಿಯಾ ಇದೆ ಎಂದು ಡಾಕ್ಟರ್ ಹೇಳಿದ ಮೇಲೆ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಮನೆಯ ಹಿರಿಯರಿಗೆ ಡಿಮೆನ್ಷಿಯಾ, ಅಂದರೆ ಮೆದುಳಿನ ಮರೆವಿನ ಕಾಯಿಲೆ, ಎಂದು ಗೊತ್ತಾದ ಮೇಲೆ ಬಹಳ ಕುಟುಂಬಗಳು ಎಡವುವುದು ಒಂದೇ ಜಾಗದಲ್ಲಿ. ಮೊದಲ ವರ್ಷವೆಲ್ಲ ಆಸ್ಪತ್ರೆ, ನಾಟಿ ಔಷಧಿ, ಹರಕೆ ಎಂದು ಓಡಾಟದಲ್ಲೇ ಕಳೆಯುತ್ತದೆ. ಬ್ಯಾಂಕು, ಹೊಲ, ಉಯಿಲು, ಮುಂದೆ ಯಾರು ನೋಡಿಕೊಳ್ಳಬೇಕು ಎಂಬ ಮಾತೆಲ್ಲ "ಆಮೇಲೆ ನೋಡೋಣ" ಆಗುತ್ತದೆ. ಅಷ್ಟರಲ್ಲಿ ಅಪ್ಪನಿಗೋ ಅವ್ವನಿಗೋ ತಮ್ಮ ಮನಸ್ಸಿನ ಮಾತು ಹೇಳುವ ಶಕ್ತಿಯೇ ಹೋಗಿರುತ್ತದೆ. ಉಳಿದವರು ಅಂದಾಜಿನ ಮೇಲೆ ತೀರ್ಮಾನ ಮಾಡುತ್ತಾರೆ, ಅಣ್ಣತಮ್ಮಂದಿರು ಜಗಳಕ್ಕೆ ಬೀಳುತ್ತಾರೆ.

ಅದಕ್ಕೇ ಕೆಳಗೆ ಕೊಟ್ಟಿರುವ ಕ್ರಮವನ್ನು ದಯವಿಟ್ಟು ಬದಲಿಸಬೇಡಿ. ರೋಗ ಬಂದವರು ಮಾತನಾಡಲು, ಸಹಿ ಮಾಡಲು, ಬೇಕು ಬೇಡ ಹೇಳಲು ಆಗುವಾಗಲೇ ಮುಗಿಸಬೇಕಾದ ಕೆಲಸಗಳನ್ನು ಮೊದಲು ಇಟ್ಟಿದ್ದೇನೆ. ಇದನ್ನು ಓದುತ್ತಿರುವವರು ರೋಗ ಬಂದವರೇ ಆಗಿದ್ದರೆ, ಮೊದಲ ನಾಲ್ಕು ಹಂತಗಳ ಯಜಮಾನಿಕೆ ನಿಮ್ಮದೇ. ಬೇರೆಯವರಿಗೆ ಬಿಡಬೇಡಿ.

## ಮೊದಲು ಜೋಡಿಸಿಕೊಳ್ಳಬೇಕಾದ್ದು

ಒಂದು ಗಟ್ಟಿ ಫೈಲು, ಒಂದು ನೋಟ್‌ಬುಕ್ಕು, ವಾರದ ಮಾತ್ರೆ ಹಾಕಿಡುವ ಡಬ್ಬಿ, ದಪ್ಪ ಅಕ್ಷರದ ಕ್ಯಾಲೆಂಡರ್, ಮುಳ್ಳು ಚೆನ್ನಾಗಿ ಕಾಣುವ ಗೋಡೆ ಗಡಿಯಾರ. ಫೈಲಿನಲ್ಲಿ ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಪಹಣಿ, ಮನೆಯ ಕಾಗದ, ವಿಮೆ ಪಾಲಿಸಿ, ಪಿಂಚಣಿ ಆದೇಶ, ಎಲ್ಲದರ ಜೆರಾಕ್ಸ್ ಇರಲಿ. ಇತ್ತೀಚಿನ ಒಂದು ಫೋಟೊವೂ ಇರಲಿ. ಅದು ಯಾಕೆ ಎಂದು ಆರನೇ ಹಂತದಲ್ಲಿ ಹೇಳುತ್ತೇನೆ.

ನೋಟ್‌ಬುಕ್ಕು ಆಸ್ಪತ್ರೆಗೆ ಹೋಗುವಾಗ ಜೊತೆಗಿರಬೇಕು. ನಿದ್ದೆ, ಊಟ, ಬಿದ್ದದ್ದು, ಸಿಟ್ಟು, ಹೊಸ ಮಾತ್ರೆ ಶುರುವಾದ ದಿನ ಎಲ್ಲ ಅದರಲ್ಲಿ ಬರೆಯಿರಿ. "ಮೊದಲಿಗಿಂತ ಜಾಸ್ತಿ ಮರೀತಾರೆ ಸಾರ್" ಎಂದರೆ ಡಾಕ್ಟರ್‌ಗೆ ಏನೂ ತಿಳಿಯುವುದಿಲ್ಲ. "ಹದಿನೈದು ದಿನದಿಂದ ರಾತ್ರಿ ಎರಡಕ್ಕೆ ಎದ್ದು ಬಾಗಿಲು ತೆಗೀತಾರೆ" ಎಂದರೆ ಎಲ್ಲವೂ ತಿಳಿಯುತ್ತದೆ.

## ಹಂತ 1: ರೋಗದ ಬಗೆ ಯಾವುದು ಎಂದು ಖಚಿತ ಮಾಡಿಕೊಳ್ಳಿ

ಡಿಮೆನ್ಷಿಯಾ ಒಂದೇ ರೋಗದ ಹೆಸರಲ್ಲ. ಜಾಸ್ತಿ ಜನರಲ್ಲಿ ಕಾಣುವುದು ಅಲ್ಝೈಮರ್. ಲಕ್ವ ಹೊಡೆದು ಅಥವಾ ಬಿಪಿ, ಸಕ್ಕರೆ ಕಾಯಿಲೆಯಿಂದ ಮೆದುಳಿನ ರಕ್ತನಾಳ ಕೆಟ್ಟು ಬರುವುದು ವ್ಯಾಸ್ಕುಲರ್ ಡಿಮೆನ್ಷಿಯಾ. ಲೂಯಿ ಬಾಡಿ, ಫ್ರಂಟೊಟೆಂಪೊರಲ್ ಎಂಬ ಬಗೆಗಳೂ ಇವೆ. "ಯಾವ ಬಗೆ ಸಾರ್, ಚೀಟಿಯಲ್ಲಿ ಬರೆದುಕೊಡಿ" ಎಂದು ಸಂಕೋಚವಿಲ್ಲದೆ ಕೇಳಿ. ಲೂಯಿ ಬಾಡಿ ಇರುವವರಿಗೆ ಸಿಟ್ಟು, ಗಲಾಟೆ ಇಳಿಸಲು ಕೊಡುವ ಹ್ಯಾಲೊಪೆರಿಡಾಲ್‌ನಂಥ ಔಷಧಿ ಮೈ ಬಿಗಿ ಹಿಡಿಸಿ ಪ್ರಾಣಕ್ಕೇ ತೊಂದರೆ ತರಬಹುದು. ಚೀಟಿಯಲ್ಲಿ ಬಗೆ ಬರೆದಿದ್ದರೆ ನಾಳೆ ಬೇರೆ ಊರಿನ ಡಾಕ್ಟರ್‌ಗೂ ಅದು ಗೊತ್ತಾಗುತ್ತದೆ.

ಮರೆವಿಗೆ ಸರಿಹೋಗುವ ಕಾರಣಗಳೂ ಇರುತ್ತವೆ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ಖಿನ್ನತೆ, ಬಿದ್ದು ತಲೆಗೆ ಪೆಟ್ಟಾಗಿ ಒಳಗೆ ರಕ್ತ ಕಟ್ಟಿರುವುದು, ಇವನ್ನು ನೋಡಿದ್ದಾರೆಯೇ ಎಂದು ಕೇಳಿ. ರಕ್ತ ಪರೀಕ್ಷೆ, ತಲೆಯ ಸಿಟಿ ಅಥವಾ ಎಂಆರ್‌ಐ ಆಗಿರಬೇಕು. ಕಿವಿ ಕೇಳಿಸದವರನ್ನು, ಕಣ್ಣಿಗೆ ಪೊರೆ ಬಂದವರನ್ನು ಎಲ್ಲರೂ "ಅರಳು ಮರಳು" ಎಂದುಬಿಡುತ್ತಾರೆ. ಕಿವಿ ಮತ್ತು ಕಣ್ಣಿನ ಪರೀಕ್ಷೆ ಮಾಡಿಸಿ. ಪೊರೆ ತೆಗೆಸಿದರೆ, ಕಿವಿಗೆ ಯಂತ್ರ ಹಾಕಿಸಿದರೆ ಡಿಮೆನ್ಷಿಯಾ ಇದ್ದವರಿಗೂ ದಿನ ಕಳೆಯುವುದು ಎಷ್ಟೋ ಹಗುರ.

ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಅಂಗಡಿಯಿಂದ ತಂದ ನಿದ್ದೆ ಮಾತ್ರೆ, ಶೀತದ ಮಾತ್ರೆಯೂ ಬರಲಿ. ಮರೆವು ಹೆಚ್ಚಿಸುವ ಮಾತ್ರೆ ಆ ಚೀಲದಲ್ಲೇ ಇರಬಹುದು.

ಎಲ್ಲಿಗೆ ಹೋಗಬೇಕು? ಬಳ್ಳಾರಿಯಲ್ಲಿ ಎಲ್ಲರೂ ವಿಮ್ಸ್ ಎಂದೇ ಕರೆಯುವ ಮೆಡಿಕಲ್ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಇಲ್ಲಿಂದ ಶುರು ಮಾಡಿ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ನಡೆಸುವ ಮೆದುಳು ಆರೋಗ್ಯ ಕಾರ್ಯಕ್ರಮದಲ್ಲಿ ಜಿಲ್ಲಾ ಮಟ್ಟಕ್ಕೆ ಬ್ರೈನ್ ಹೆಲ್ತ್ ಕ್ಲಿನಿಕ್‌ಗಳು ಬಂದಿವೆ. ಯಾವ ವಾರ, ಯಾವ ಕೋಣೆ ಎಂದು ಹೊರರೋಗಿ ವಿಭಾಗದಲ್ಲಿ ವಿಚಾರಿಸಿ. ಬಗೆ ಸ್ಪಷ್ಟವಾಗದಿದ್ದರೆ, ಅಥವಾ ವಯಸ್ಸು 65ಕ್ಕಿಂತ ಕಡಿಮೆ ಇದ್ದರೆ, ಬೆಂಗಳೂರಿನ ನಿಮ್ಹಾನ್ಸ್‌ಗೆ ಒಂದು ಸಲ ತೋರಿಸಿಕೊಂಡು ಬನ್ನಿ.

ಡೊನೆಪೆಜಿಲ್, ರಿವಾಸ್ಟಿಗ್ಮಿನ್, ಮೆಮಾಂಟಿನ್ ಮಾತ್ರೆಗಳು ಕೆಲವರಲ್ಲಿ ಸ್ವಲ್ಪ ಕಾಲ ಲಕ್ಷಣ ಹಿಡಿದಿಡುತ್ತವೆ, ರೋಗವನ್ನು ತೆಗೆಯುವುದಿಲ್ಲ. ಮಾತ್ರೆ ಶುರುವಾದ ಮೇಲೆ ಊಟ ಸೇರದಿದ್ದರೆ, ಭೇದಿಯಾದರೆ, ತಲೆ ಸುತ್ತಿ ಬಿದ್ದರೆ ತಕ್ಷಣ ಡಾಕ್ಟರ್‌ಗೆ ಹೇಳಿ. ಡೊನೆಪೆಜಿಲ್ ನಾಡಿ ಬಡಿತ ಇಳಿಸಬಲ್ಲದು. "ಪೂರ್ತಿ ವಾಸಿ ಮಾಡುತ್ತೇವೆ" ಎಂದು ಮುಂಗಡ ಕೇಳುವವರು ಯಾರೇ ಇರಲಿ, ಅಲ್ಲಿಂದ ಎದ್ದು ಬನ್ನಿ.

## ಹಂತ 2: ರೋಗ ಬಂದವರಿಗೇ ಹೇಳಿ

ಈ ಹಂತವನ್ನು ಎಲ್ಲರೂ ಹಾರಿಬಿಡುತ್ತಾರೆ. "ಹೇಳಿದರೆ ಎದೆ ಒಡ್ಕೋತಾಳೆ" ಎಂಬ ಪ್ರೀತಿಯಿಂದಲೇ ಮುಚ್ಚಿಡುತ್ತಾರೆ. ಆದರೆ ತನಗೆ ಏನೋ ಆಗಿದೆ ಎಂದು ಅವ್ವನಿಗೆ ನಿಮಗಿಂತ ಮೊದಲೇ ಗೊತ್ತಿರುತ್ತದೆ. ಮನೆಯವರೆಲ್ಲ ಪಿಸುಗುಟ್ಟುವುದನ್ನು ನೋಡಿ ಇನ್ನೂ ಹೆದರುತ್ತಾಳೆ.

ಬೆಳಿಗ್ಗೆ, ಚಹಾ ಕುಡಿದಾದ ಮೇಲೆ, ಒಬ್ಬರೋ ಇಬ್ಬರೋ ಕೂತು ಹೇಳಿ. "ಅವ್ವಾ, ನಿನಗೆ ಮರೆವಿನ ಕಾಯಿಲೆ ಐತಂತ. ಮೆದುಳಿಂದು. ನಿಂದೇನೂ ತಪ್ಪಿಲ್ಲ. ಮಾತ್ರೆ ಐತಿ, ನಾವೆಲ್ಲ ಇದೀವಿ. ಆದರ ಕೆಲವು ವಿಷಯ ನಿನ್ನ ಬಾಯಿಂದ್ಲೇ ಕೇಳಬೇಕು." ಇಷ್ಟು ಸಾಕು. ಸಿಟ್ಟು ಮಾಡಿಕೊಂಡರೆ, ನಂಬದಿದ್ದರೆ, ವಾದ ಮಾಡಬೇಡಿ. ಎರಡು ದಿನ ಬಿಟ್ಟು ಮತ್ತೆ ಕೂತುಕೊಳ್ಳಿ.

## ಹಂತ 3: ಹಣ, ಹೊಲ, ಮನೆಯ ಕಾಗದ

ರೋಗ ಗೊತ್ತಾದ ಮೊದಲ ಮೂರು ತಿಂಗಳೊಳಗೆ ಇದನ್ನು ಮುಗಿಸಲು ನೋಡಿ. ಇಲ್ಲಿ ಆಗುವ ತಪ್ಪುಗಳನ್ನು ಆಮೇಲೆ ತಿದ್ದುವುದು ಬಹಳ ಕಷ್ಟ.

ಮೊದಲ ತಪ್ಪು ಜಿಪಿಎ. "ಅಪ್ಪನಿಂದ ಜನರಲ್ ಪವರ್ ಆಫ್ ಅಟಾರ್ನಿ ಬರೆಸಿಕೊಂಡಿದ್ದೇವೆ, ಇನ್ನೇನೂ ಚಿಂತೆಯಿಲ್ಲ" ಎನ್ನುವವರು ಬಹಳ. ನಮ್ಮ ಕರಾರು ಕಾಯಿದೆಯ 201ನೇ ಕಲಮಿನ ಪ್ರಕಾರ, ಅಧಿಕಾರ ಕೊಟ್ಟವರ ಬುದ್ಧಿ ಸ್ಥಿಮಿತ ಹೋದರೆ ಕೊಟ್ಟ ಅಧಿಕಾರವೂ ಮುಗಿಯುತ್ತದೆ. ಅಂದರೆ ನಿಮಗೆ ಅದು ನಿಜವಾಗಿ ಬೇಕಾಗುವ ಹೊತ್ತಿಗೇ ಅದು ಬಿದ್ದುಹೋಗಿರುತ್ತದೆ. ಈಗಿನ ಓಡಾಟಕ್ಕೆ ಜಿಪಿಎ ಇರಲಿ, ಮುಂದಿನ ಹತ್ತು ವರ್ಷಕ್ಕೆ ಅದನ್ನೇ ನಂಬಬೇಡಿ.

ಎರಡನೆಯದು ಉಯಿಲು. ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಡ. ಬರೆಯುವವರ ಸಹಿ ಅಥವಾ ಹೆಬ್ಬೆಟ್ಟು ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು. ಆಸ್ತಿ ಪಡೆಯುವವರು ಸಾಕ್ಷಿ ಹಾಕದಿರುವುದು ಒಳ್ಳೆಯದು. ನೋಂದಣಿ ಕಡ್ಡಾಯವಲ್ಲ, ಆದರೆ ಡಿಮೆನ್ಷಿಯಾ ಇರುವ ಮನೆಯಲ್ಲಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸುವುದೇ ಲೇಸು. ಅದೇ ದಿನ ಅಥವಾ ಅದರ ಹಿಂದಿನ ದಿನ ಡಾಕ್ಟರ್ ಹತ್ತಿರ "ಇವರಿಗೆ ತಾವು ಏನು ಮಾಡುತ್ತಿದ್ದೇವೆ ಎಂಬ ಅರಿವಿದೆ" ಎಂದು ಬರೆಸಿಕೊಳ್ಳಿ. ಡಿಮೆನ್ಷಿಯಾ ಎಂದು ಚೀಟಿಯಲ್ಲಿ ಬಂದ ಮಾತ್ರಕ್ಕೆ ಉಯಿಲು ಬರೆಯುವ ಹಕ್ಕು ಹೋಗುವುದಿಲ್ಲ. ಬರೆಯುವ ಹೊತ್ತಿಗೆ ಅರಿವಿದ್ದರೆ ಅದು ನಡೆಯುತ್ತದೆ. ಮುಸ್ಲಿಂ ಕುಟುಂಬಗಳಿಗೆ ನಿಯಮ ಬೇರೆ, ಸಾಮಾನ್ಯವಾಗಿ ಆಸ್ತಿಯ ಮೂರನೇ ಒಂದು ಭಾಗಕ್ಕಷ್ಟೇ ಉಯಿಲು ಬರೆಯಬಹುದು. ಪಿತ್ರಾರ್ಜಿತ ಹೊಲವಿದ್ದರೆ ವಕೀಲರನ್ನು ಕೇಳದೆ ಮುಂದುವರಿಯಬೇಡಿ.

ಮೂರನೆಯದು ಅವಸರದ ದಾನಪತ್ರ. "ಹೇಗೂ ಮಗನಿಗೇ ಅಲ್ವಾ" ಎಂದು ಮನೆ, ಹೊಲ ಎಲ್ಲ ಈಗಲೇ ಬರೆದುಕೊಡಿಸುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಬದುಕಿರುವ ತನಕ ಹಿರಿಯರ ಹೆಸರಿನಲ್ಲೇ ಇರಲಿ. ಕೊಡಲೇಬೇಕು ಎಂದಾದರೆ, ನೋಡಿಕೊಳ್ಳುವ ಹೊಣೆ ಪತ್ರದಲ್ಲೇ ಷರತ್ತಾಗಿ ಬರಲಿ. 2007ರ ಹಿರಿಯ ನಾಗರಿಕರ ಕಾಯಿದೆಯ 23ನೇ ಕಲಮು ಅಂಥ ಷರತ್ತು ಮುರಿದರೆ ಪತ್ರ ರದ್ದು ಮಾಡಿಸಲು ದಾರಿ ಕೊಡುತ್ತದೆ, ಅರ್ಜಿ ಉಪವಿಭಾಗಾಧಿಕಾರಿಗೆ. ಷರತ್ತು ಬರೆಯದಿದ್ದರೆ ಆ ದಾರಿ ಬಹಳ ಇಕ್ಕಟ್ಟು.

ಬ್ಯಾಂಕಿನಲ್ಲಿ ಮಾಡಬೇಕಾದ್ದು ಕಡಿಮೆ. ಖಾತೆಗೆ ನಂಬಿಕೆಯ ಒಬ್ಬರನ್ನು ಜಂಟಿಯಾಗಿ ಸೇರಿಸಿ, "ಇಬ್ಬರಲ್ಲಿ ಯಾರಾದರೂ ಅಥವಾ ಬದುಕುಳಿದವರು" ಎಂಬ ರೀತಿಯಲ್ಲಿ. ಎಲ್ಲ ಖಾತೆ, ಠೇವಣಿ, ವಿಮೆಗೆ ನಾಮಿನಿ ಇದೆಯೇ ನೋಡಿ. ಫೋನ್‌ಪೇ, ಗೂಗಲ್ ಪೇ ಇದ್ದರೆ ದಿನದ ಮಿತಿ ಇಳಿಸಿ. ಕೆವೈಸಿ, ಒಟಿಪಿ ಎಂದು ಕರೆ ಮಾಡಿ ದುಡ್ಡು ಎಳೆಯುವವರಿಗೆ ಈ ರೋಗಿಗಳು ಸುಲಭದ ತುತ್ತು. ದುಡ್ಡು ಹೋದರೆ ಆ ಕ್ಷಣವೇ 1930ಕ್ಕೆ ಕರೆ ಮಾಡಿ. ಸರ್ಕಾರಿ ಪಿಂಚಣಿ ಇದ್ದವರ ಜೀವನ ಪ್ರಮಾಣ ಪತ್ರವನ್ನು ಮೊಬೈಲಿನಲ್ಲಿ ಮುಖ ತೋರಿಸಿಯೂ ಕೊಡಬಹುದು. ಹೆಬ್ಬೆಟ್ಟು ಸವೆದು ಯಂತ್ರ ಹಿಡಿಯದ ಹಿರಿಯರಿಗೆ ಇದರಿಂದ ಅನುಕೂಲ.

ಕೊಟ್ಟ ಸಾಲ, ತಂದ ಸಾಲ, ಗುತ್ತಿಗೆಗೆ ಕೊಟ್ಟ ಹೊಲ, ಅಡತಿ ಅಂಗಡಿಯ ಲೆಕ್ಕ, ಇವು ನಮ್ಮ ಕಡೆ ಬಾಯಿಮಾತಿನಲ್ಲೇ ನಡೆಯುತ್ತವೆ. ಹತ್ತಿ, ಭತ್ತ, ಮೆಣಸಿನಕಾಯಿ ಹಾಕಿದ ಅಡತಿಯವರಿಂದ ಎಷ್ಟು ಬರಬೇಕು ಎಂಬುದು ಅಪ್ಪನ ತಲೆಯಲ್ಲಿ ಮಾತ್ರ ಇರುತ್ತದೆ. ಒಂದು ದಿನ ಅವರ ಪಕ್ಕ ಕೂತು, ಹೆಸರು ಹೆಸರಾಗಿ ಕೇಳಿ ಬರೆದುಕೊಳ್ಳಿ.

ಏನೂ ಮಾಡದೆ ಹೊತ್ತು ಮೀರಿದ್ದರೆ ಕೋರ್ಟಿನಿಂದ ಗಾರ್ಡಿಯನ್ (ಅವರ ಪರವಾಗಿ ತೀರ್ಮಾನ ಮಾಡುವ ಪಾಲಕರು) ನೇಮಕ ಆಗಬೇಕಾಗುತ್ತದೆ. ಕೆಲವೊಮ್ಮೆ ಅದು ಹೈಕೋರ್ಟಿನವರೆಗೂ ಹೋಗುತ್ತದೆ. ರಾಯಚೂರಿನವರಿಗೆ ಕಲಬುರಗಿ ಪೀಠ, ಬಳ್ಳಾರಿ ಮತ್ತು ಕೊಪ್ಪಳದವರಿಗೆ ಧಾರವಾಡ ಪೀಠ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಜಿಲ್ಲಾ ಕೋರ್ಟ್ ಆವರಣದಲ್ಲೇ ವಿಚಾರಿಸಿ, ಸಹಾಯವಾಣಿ 15100. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಉಚಿತ.

## ಹಂತ 4: ಮುಂದಿನ ಚಿಕಿತ್ಸೆ ಬಗ್ಗೆ ಅವರ ಇಷ್ಟ ಬರೆದಿಡಿ

2017ರ ಮಾನಸಿಕ ಆರೋಗ್ಯ ಕಾಯಿದೆ ಎರಡು ಹಕ್ಕು ಕೊಟ್ಟಿದೆ. ಮುಂದೆ ತನಗೆ ಎಂಥ ಚಿಕಿತ್ಸೆ ಬೇಕು, ಎಂಥದ್ದು ಬೇಡ ಎಂದು ಮೊದಲೇ ಬರೆದಿಡುವುದು ಒಂದು. ತನ್ನ ಪರವಾಗಿ ಮಾತನಾಡುವ ಒಬ್ಬ ಪ್ರತಿನಿಧಿಯನ್ನು ಹೆಸರಿಸುವುದು ಇನ್ನೊಂದು. ಪ್ರತಿನಿಧಿಯ ಹೆಸರನ್ನು ಬಿಳಿ ಹಾಳೆಯಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಆಯಿತು.

ಕೊನೆಗಾಲದ ಚಿಕಿತ್ಸೆಯ ಬಗ್ಗೆ ಬೇರೆ ದಾರಿ ಇದೆ. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿ, 2023ರಲ್ಲಿ ಸರಳ ಮಾಡಿದ ಕ್ರಮದಂತೆ, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ನಮ್ಮ ರಾಜ್ಯ ಸರ್ಕಾರವೂ ಇದನ್ನು ಜಾರಿ ಮಾಡಲು 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು.

ಕೇಳಬೇಕಾದ ಪ್ರಶ್ನೆಗಳು ಸರಳ, ಕೇಳುವ ಬಾಯಿಗೆ ಮಾತ್ರ ಭಾರ. ನುಂಗಲು ಆಗದಿದ್ದರೆ ಮೂಗಿನಿಂದ ಕೊಳವೆ ಹಾಕಬೇಕಾ? ಐಸಿಯುಗೆ ಒಯ್ಯಬೇಕಾ? ಕೊನೆಯ ತನಕ ಊರ ಮನೆಯಲ್ಲೇ ಇರಬೇಕಾ, ಮಗಳ ಮನೆ ಆದೀತಾ? ಯಾರು ಸ್ನಾನ ಮಾಡಿಸಿದರೆ ನಾಚಿಕೆ ಆಗುವುದಿಲ್ಲ? ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಮುಂದೆ ದಿನಾ ಜಗಳ ಆಗುವುದು ಬಚ್ಚಲಮನೆಯಲ್ಲೇ, ಅದಕ್ಕೇ ಕೇಳಿ.

## ಹಂತ 5: ದಿನಚರಿ ಕಟ್ಟಿ, ಕೈಗೆ ಕೆಲಸ ಕೊಡಿ

"ಸುಮ್ನೆ ಕೂತ್ಕೋ, ನಾನು ಮಾಡ್ತೀನಿ" ಎಂಬ ಮಾತನ್ನು ಮನೆಯಿಂದ ಹೊರಗೆ ಹಾಕಿ. ಕೆಲಸ ಕಿತ್ತುಕೊಂಡಷ್ಟೂ ಮನುಷ್ಯ ಬೇಗ ಕುಗ್ಗುತ್ತಾರೆ. ಕೆಲಸವನ್ನು ತುಂಡು ಮಾಡಿ, ಆಗುವ ತುಂಡನ್ನು ಅವರಿಗೆ ಬಿಡಿ.

ರೊಟ್ಟಿಯನ್ನೇ ನೋಡಿ. ಜೋಳದ ಹಿಟ್ಟಿಗೆ ಎಸರು ಎಷ್ಟು ಹಾಕಬೇಕು ಎಂಬುದು ಅವ್ವನಿಗೆ ಮರೆತಿರುತ್ತದೆ. ಒಲೆ ಹಚ್ಚಿದ್ದೂ ನೆನಪಿರುವುದಿಲ್ಲ. ಆದರೆ ನಾದಿದ ಹಿಟ್ಟಿನ ಉಂಡೆ ಮಾಡಿ ಮುಂದಿಟ್ಟರೆ ಕೈ ತಾನೇ ಬಡಿಯಲು ಶುರು ಮಾಡುತ್ತದೆ, ಅಂಚು ಒಡೆಯದ ಹಾಗೆ ತಿರುಗಿಸುತ್ತಾ ಹೋಗುತ್ತದೆ. ಎಷ್ಟೋ ವರ್ಷದ ರೂಢಿ ಮಾತಿಗಿಂತ ಜಾಸ್ತಿ ದಿನ ಉಳಿಯುತ್ತದೆ. ಹಂಚಿನ ಮುಂದೆ ಮಾತ್ರ ನೀವು ಕೂರಿ. ಶೇಂಗಾ ಸುಲಿಯುವುದು, ಪುಂಡಿಪಲ್ಯ ಸೋಸುವುದು, ಹೂ ಕಟ್ಟುವುದು, ದನಕ್ಕೆ ಮೇವು ಹಾಕುವುದು, ಬಟ್ಟೆ ಮಡಚುವುದು, ಎಲ್ಲದಕ್ಕೂ ಇದೇ ಲೆಕ್ಕ. ಮಡಚಿದ್ದು ವಕ್ರವಾದರೆ ಅವರ ಎದುರಿಗೆ ಸರಿ ಮಾಡಬೇಡಿ.

ಏಳುವುದು, ಸ್ನಾನ, ಊಟ, ನಡಿಗೆ ದಿನಾ ಅದೇ ಹೊತ್ತಿಗೆ ನಡೆಯಲಿ. ಬೇಸಿಗೆಯಲ್ಲಿ ನಡಿಗೆ ಬಿಸಿಲೇರುವ ಮುಂಚೆ ಮುಗಿಯಬೇಕು. ಭಜನೆ, ದಾಸರ ಪದ, ತತ್ವಪದ, ನಮಾಜು, ಯಾವುದು ರೂಢಿಯೋ ಅದು ಬಿಡದೆ ಇರಲಿ. ಮೊಮ್ಮಗಳ ಹೆಸರು ಮರೆತವರೂ ಪದದ ನುಡಿ ಮರೆತಿರುವುದಿಲ್ಲ. ಸಂಜೆ ಹೊತ್ತು ಇಳಿಯುವಾಗ ಕೆಲವರಿಗೆ ಗಾಬರಿ, ಚಡಪಡಿಕೆ ಶುರುವಾಗುತ್ತದೆ, "ಮನಿಗೆ ಹೋಗ್ತೀನಿ" ಎಂದು ತಮ್ಮ ಮನೆಯಲ್ಲೇ ಕೂತು ಹೇಳುತ್ತಾರೆ. ಕತ್ತಲಾಗುವ ಮುಂಚೆಯೇ ದೀಪ ಹಾಕಿ, ಟಿವಿ ಸದ್ದು ಇಳಿಸಿ, ಜೊತೆಗೆ ಕೂತುಕೊಳ್ಳಿ. "ಇದೇ ನಿನ್ನ ಮನಿ" ಎಂದು ಸಾಧಿಸಲು ಹೋಗಬೇಡಿ. "ಹೋಗೋಣಂತೆ, ಮೊದಲು ಚಾ ಕುಡಿ. ನಿಮ್ಮ ಊರಾಗ ಮನಿ ಹೆಂಗಿತ್ತು ಹೇಳು" ಎಂದರೆ ಗಾಬರಿ ಇಳಿಯುತ್ತದೆ.

## ಹಂತ 6: ಮನೆಯಲ್ಲಿ, ಬೀದಿಯಲ್ಲಿ ಇರುವ ಅಪಾಯ ತೆಗೆಯಿರಿ

ನಮ್ಮ ಕಡೆ ಮೊದಲು ಹೊರಗೆ ಹೋಗಬೇಕಾದ್ದು ಬೆಳೆಗೆ ಹೊಡೆಯುವ ಎಣ್ಣೆ. ಹತ್ತಿ, ಮೆಣಸಿನಕಾಯಿ ಹಾಕುವ ಮನೆಗಳಲ್ಲಿ ಕೀಟನಾಶಕದ ಬಾಟಲಿ ಪಡಸಾಲೆಯ ಮೂಲೆಯಲ್ಲಿ, ಜೋಳದ ಚೀಲದ ಪಕ್ಕದಲ್ಲೇ ಇರುತ್ತದೆ. ಡಿಮೆನ್ಷಿಯಾ ಇದ್ದವರು ಅದನ್ನು ಅಡುಗೆ ಎಣ್ಣೆ ಎಂದೋ, ಕೆಮ್ಮಿನ ಔಷಧಿ ಎಂದೋ ಕುಡಿಯಬಹುದು. ಇವತ್ತೇ ಬೇರೆ ಕಡೆ ಇಟ್ಟು ಬೀಗ ಹಾಕಿ. ಆಮೇಲೆ ಗ್ಯಾಸ್: ಅಡುಗೆ ಮುಗಿದ ಕೂಡಲೇ ರೆಗ್ಯುಲೇಟರ್ ಬಂದ್ ಮಾಡಿ. ಬಚ್ಚಲಿನಲ್ಲಿ ಹಿಡಿಕೆ, ರಾತ್ರಿ ಉರಿಯುವ ಸಣ್ಣ ದೀಪ, ಹೊರಬಾಗಿಲಿಗೆ ಗಂಟೆ. ಬಚ್ಚಲು, ಮಲಗುವ ಕೋಣೆಯ ಒಳಚಿಲಕ ಕಿತ್ತುಹಾಕಿ, ಅವರು ಒಳಗೆ ಸಿಕ್ಕಿಕೊಳ್ಳುವುದು ತಪ್ಪುತ್ತದೆ. ಬೈಕು, ಟಿವಿಎಸ್ ಗಾಡಿಯ ಬೀಗದ ಕೈ ಬಗ್ಗೆ ಡಾಕ್ಟರ್ ಬಾಯಲ್ಲಿ ಹೇಳಿಸಿ. ಮಗ ಹೇಳಿದರೆ ಜಗಳ, ಡಾಕ್ಟರ್ ಹೇಳಿದರೆ ಕೇಳುತ್ತಾರೆ.

ದಾರಿ ತಪ್ಪಿ ಹೋಗುವುದು ಇನ್ನೂ ದೊಡ್ಡ ಭಯ. ಕೊಪ್ಪಳ, ರಾಯಚೂರಿನ ಎಷ್ಟೋ ಊರುಗಳ ಪಕ್ಕದಲ್ಲೇ ತುಂಗಭದ್ರಾ ಎಡದಂಡೆ ಕಾಲುವೆ ಹರಿಯುತ್ತದೆ, ಬಳ್ಳಾರಿ ಕಡೆ ಎಚ್‌ಎಲ್‌ಸಿ, ಎಲ್‌ಎಲ್‌ಸಿ ಕಾಲುವೆಗಳು. ಹುಡುಕಲು ಹೊರಟರೆ ಮೊದಲು ಒಬ್ಬರು ಕಾಲುವೆ ದಾರಿಗೆ ಓಡಲಿ. ಇನ್ನೊಬ್ಬರು ಬಸ್ ಸ್ಟ್ಯಾಂಡಿಗೆ. ಶಕ್ತಿ ಯೋಜನೆಯಿಂದ ಹೆಂಗಸರಿಗೆ ಟಿಕೆಟ್ ದುಡ್ಡು ಬೇಕಿಲ್ಲ, ಆದ್ದರಿಂದ ಕೈಯಲ್ಲಿ ರೂಪಾಯಿ ಇಲ್ಲದ ಅವ್ವನೂ ಬಸ್ಸು ಹತ್ತಿ ದೂರ ಹೋಗಿರಬಹುದು. ಕಂಟ್ರೋಲರ್‌ಗೆ ಫೋಟೊ ತೋರಿಸಿ, ಯಾವ ಬಸ್ಸು ಹೊರಟಿದೆ ಕೇಳಿ. 112ಕ್ಕೆ ಕರೆ ಮಾಡಿ, ಠಾಣೆಯಲ್ಲಿ ದೂರು ಕೊಡಿ. 24 ಗಂಟೆ ಕಾಯಬೇಕು ಎಂಬ ನಿಯಮ ಎಲ್ಲೂ ಇಲ್ಲ.

ಈಗಲೇ ಮಾಡಿಡಬೇಕಾದ್ದು: ಫೋನ್ ನಂಬರ್ ಕೆತ್ತಿಸಿದ ಬಳೆ ಅಥವಾ ತಾಯಿತದ ಬಿಲ್ಲೆ, ರವಿಕೆ ಅಥವಾ ಅಂಗಿಯ ಒಳಗೆ ಹೊಲಿದ ನಂಬರ್. ಓಣಿಯ ಕಿರಾಣಿ ಅಂಗಡಿ, ಆಟೊ ಸ್ಟ್ಯಾಂಡ್, ಗುಡಿ ಅಥವಾ ಮಸೀದಿಯವರಿಗೆ ವಿಷಯ ತಿಳಿಸಿ. ಮರ್ಯಾದೆ ಎಂದು ಮುಚ್ಚಿಟ್ಟರೆ ಹುಡುಕುವ ಕಣ್ಣು ಕಡಿಮೆಯಾಗುತ್ತವೆ. ಗವಿಮಠದ ಜಾತ್ರೆ, ಹುಣ್ಣಿಮೆಯ ಹುಲಿಗಿ, ಮಂತ್ರಾಲಯ, ಇಂಥ ಗದ್ದಲಕ್ಕೆ ಕರೆದೊಯ್ಯುವುದಾದರೆ ಜನ ಕಡಿಮೆ ಇರುವ ದಿನ ನೋಡಿ, ಒಬ್ಬರು ಕೈ ಬಿಡದೆ ಹಿಡಿದಿರಲಿ.

## ಹಂತ 7: ಈ ಸೂಚನೆ ಕಂಡರೆ ಕಾಯಬೇಡಿ

ಡಿಮೆನ್ಷಿಯಾ ನಿಧಾನವಾಗಿ ಹೆಚ್ಚುವ ರೋಗ. ನಿನ್ನೆ ಚೆನ್ನಾಗಿದ್ದವರು ಇವತ್ತು ತೀರಾ ಗೊಂದಲದಲ್ಲಿದ್ದರೆ, ಇಲ್ಲದ್ದನ್ನು ಕಾಣುತ್ತಿದ್ದರೆ, ತೂಕಡಿಸುತ್ತಲೇ ಇದ್ದರೆ, ಅದು ಬೇರೇನೋ. ಮೂತ್ರದ ಸೋಂಕು, ನ್ಯುಮೋನಿಯಾ, ಮಲಬದ್ಧತೆ, ಹೊಸ ಮಾತ್ರೆ, ನೀರು ಕಡಿಮೆಯಾಗಿರುವುದು, ಯಾವುದೂ ಇರಬಹುದು. "ರೋಗ ಜಾಸ್ತಿ ಆಯ್ತು" ಎಂದು ಮನೆಯಲ್ಲೇ ಕೂರಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.

ರಾಯಚೂರಿನ ಏಪ್ರಿಲ್, ಮೇ ಬಿಸಿಲು ಗೊತ್ತಲ್ಲ. ಈ ರೋಗಿಗಳು ಬಾಯಾರಿದೆ ಎಂದು ಹೇಳುವುದೇ ಇಲ್ಲ. ಎರಡು ಗಂಟೆಗೊಮ್ಮೆ ನೀರು, ಮಜ್ಜಿಗೆ, ಅಂಬಲಿ ನೀವೇ ಕೈಗೆ ಕೊಟ್ಟು, ಕುಡಿದದ್ದು ನೋಡಿ. ಕಿಡ್ನಿ ಅಥವಾ ಹೃದಯದ ತೊಂದರೆ ಇದ್ದರೆ ಎಷ್ಟು ಕೊಡಬೇಕು ಎಂದು ಡಾಕ್ಟರ್ ಹತ್ತಿರ ಕೇಳಿಕೊಳ್ಳಿ.

ಊಟ ಮಾಡುವಾಗ ಪದೇ ಪದೇ ಕೆಮ್ಮು, ತುತ್ತು ಬಾಯಲ್ಲೇ ಉಳಿಯುವುದು, ತೂಕ ಇಳಿಯುವುದು, ಇವು ನುಂಗುವ ತೊಂದರೆಯ ಗುರುತು. ಆಗ ಒಣ ಮಂಡಕ್ಕಿ, ಶೇಂಗಾ, ಕಟಕ್ ರೊಟ್ಟಿ ಬೇಡ. ರೊಟ್ಟಿಯನ್ನು ಹಾಲಿನಲ್ಲಿ ಅಥವಾ ಬೇಳೆಯಲ್ಲಿ ಚೆನ್ನಾಗಿ ನೆನೆಸಿ, ನೆಟ್ಟಗೆ ಕೂರಿಸಿ, ಸಣ್ಣ ತುತ್ತು ಕೊಡಿ. ಮಲಗಿಸಿ ಉಣಿಸಬೇಡಿ.

## ಹಂತ 8: ನೋಡಿಕೊಳ್ಳುವವರ ಕೆಲಸ ಹಂಚಿ

ಬಹಳ ಮನೆಗಳಲ್ಲಿ ಈ ಭಾರವೆಲ್ಲ ಒಬ್ಬ ಸೊಸೆಯ ಮೇಲೋ, ಮದುವೆಯಾಗದ ಮಗಳ ಮೇಲೋ ಬೀಳುತ್ತದೆ. ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ ಸಲಹೆ ಕೊಡುತ್ತಾನೆ. ಇದು ನ್ಯಾಯವಲ್ಲ, ಬಹಳ ದಿನ ನಡೆಯುವುದೂ ಇಲ್ಲ. ಎಲ್ಲರೂ ಕೂತು ಹಾಳೆಯ ಮೇಲೆ ಬರೆಯಿರಿ: ರಾತ್ರಿ ಯಾರು ಏಳಬೇಕು, ಆಸ್ಪತ್ರೆಗೆ ಯಾರು, ತಿಂಗಳ ಖರ್ಚು ಯಾರದು ಎಷ್ಟು, ನೋಡಿಕೊಳ್ಳುವವರಿಗೆ ವಾರದಲ್ಲಿ ಯಾವ ದಿನ ಬಿಡುವು. ದೂರದಲ್ಲಿರುವವರು ಹಣ ಕೊಡಲಿ, ವರ್ಷದಲ್ಲಿ ಒಂದಿಷ್ಟು ದಿನ ಬಂದು ಅವರೇ ನೋಡಿಕೊಳ್ಳಲಿ.

ನೋಡಿಕೊಳ್ಳುವವರಿಗೆ ನಿದ್ದೆ ಬಾರದಿದ್ದರೆ, ಕೈ ಎತ್ತುವಷ್ಟು ಸಿಟ್ಟು ಬರುತ್ತಿದ್ದರೆ, ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತನಾಡಬಹುದು, ಉಚಿತ. ಹಿರಿಯರ ಪಿಂಚಣಿ, ಆಶ್ರಯ, ಕಿರುಕುಳದ ವಿಷಯಕ್ಕೆ ಹಿರಿಯರ ಸಹಾಯವಾಣಿ 14567 ಇದೆ.

## ಹಂತ 9: ಆರು ತಿಂಗಳಿಗೊಮ್ಮೆ ಫೈಲು ತೆಗೆಯಿರಿ

ಬಿಪಿ, ಸಕ್ಕರೆ, ತೂಕ ನೋಡಿಸಿ. ಯಾವ ಮಾತ್ರೆ ಇನ್ನೂ ಬೇಕು, ಯಾವುದು ನಿಲ್ಲಿಸಬಹುದು ಎಂದು ಡಾಕ್ಟರ್‌ಗೆ ಕೇಳಿ. ನೀವಾಗಿಯೇ ನಿಲ್ಲಿಸಬೇಡಿ. ದಿನಚರಿಯಲ್ಲಿ ಅವರಿಗೆ ಈಗ ಆಗದ ಕೆಲಸ ತೆಗೆದು ಅದಕ್ಕಿಂತ ಸಣ್ಣದು ಸೇರಿಸಿ. ಫೋಟೊ ಹೊಸದು ತೆಗೆದು ಹಾಕಿ. ನಾಲ್ಕನೇ ಹಂತದಲ್ಲಿ ಬರೆದ ಹಾಳೆಯನ್ನು ಅವರಿಗೆ ಓದಿ ಹೇಳಿ. ಅರ್ಥವಾಗಿ ಮನಸ್ಸು ಬದಲಿಸಿದರೆ, ಅದೇ ಕ್ರಮದಲ್ಲಿ ಹೊಸದು ಮಾಡಿಸಿ. ಏನೂ ಹೇಳದಿದ್ದರೆ ಹಳೆಯದೇ ಇರಲಿ, ಒಂದು ಜೆರಾಕ್ಸ್ ಪ್ರತಿನಿಧಿಯ ಹತ್ತಿರ, ಇನ್ನೊಂದು ಆಸ್ಪತ್ರೆಗೆ ಒಯ್ಯುವ ಫೈಲಿನ ಮೊದಲ ಪುಟದಲ್ಲಿ.